ಬರುತ್ತೇನೆ ಎಂದು ಹೋದವನು

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವ ಪದ್ಧತಿ ಇಲ್ಲ. ಮಜ್ಜಿಗೆಗೆಂದು ಬಂದ ನೆರೆಮನೆಯ ಹುಡುಗಿಯೂ, ಮದುವೆಯ ಕಾಗದ ಕೊಡಲು ಬಂದ ನೆಂಟರೂ, ಕೊಲ್ಲಿ ರಾಷ್ಟ್ರಕ್ಕೆ ವಿಮಾನ ಹತ್ತಲು ಹೊರಟ ಯುವಕನೂ ಅಂಗಳಕ್ಕೆ ಇಳಿಯುವಾಗ ಹೇಳುವ ಮಾತು ಒಂದೇ: ‘ಬರುತ್ತೇನೆ.’ ಮನೆಯವರು ಅದಕ್ಕೆ ‘ಆಯಿತು, ಬಾ’ ಎನ್ನಬೇಕು. ಹೋಗುವವನಿಗೂ ಉಳಿಯುವವನಿಗೂ ನಡುವೆ ಹಿರಿಯರು ಮಾಡಿಟ್ಟ ಒಪ್ಪಂದ ಇದು ಎಂದು ನನ್ನ ಭಾವನೆ. 2022ರ ಸೆಪ್ಟೆಂಬರ್ ತಿಂಗಳ ಒಂದು ಮುಂಜಾನೆ ನನ್ನ ಬಾಲ್ಯದ ಗೆಳೆಯನೊಬ್ಬ ನಮ್ಮ ಶಾಲೆಯ ಗೇಟಿನ ಮುಂದೆ ಬಾಡಿಗೆ ಕಾರನ್ನು ನಿಲ್ಲಿಸಿ, ಇಳಿದು ಬಂದು, ‘ಬರ್ತೇನೆ ಮಾರಾಯ’ ಎಂದಾಗ ನಾನು ನನ್ನ ಪಾಲಿನ ಮಾತನ್ನು ಆಡಲಿಲ್ಲ. ಸುಮ್ಮನೆ ತಲೆಯಲ್ಲಾಡಿಸಿ ಹಾಜರಿ ಪುಸ್ತಕವನ್ನು ತೆರೆದೆ. ಆ ಮೌನದ ವಿಚಾರವನ್ನೇ ಈ ತಿಂಗಳು ಓದುಗರ ಮುಂದೆ ಇಡುತ್ತಿದ್ದೇನೆ.

ಅವನೂ ನಾನೂ ಕುಂಬಳೆ ಸೀಮೆಯ ಈ ಹಳ್ಳಿಯ ಶಾಲೆಯಲ್ಲಿ 1976ರಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತವರು. ಮುಂದೆ ನಾನು ಅಧ್ಯಾಪಕ ತರಬೇತಿ ಮುಗಿಸಿ ಅದೇ ಶಾಲೆಗೆ ಮಾಸ್ತರನಾಗಿ ಸೇರಿದೆ, ಅವನು ಬಿ.ಕಾಂ. ಮುಗಿಸಿ, ಎರಡು ವರ್ಷ ಮಂಗಳೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆದು, 1993ರಲ್ಲಿ ಮುಂಬಯಿ ಮಾರ್ಗವಾಗಿ ದುಬೈಗೆ ಹೋದ. ಆ ಹೊತ್ತಿಗೆ ಅದು ನಮ್ಮಲ್ಲಿ ಹೊಸ ಸಂಗತಿಯಾಗಿರಲಿಲ್ಲ. ನಮ್ಮ ಕರಾವಳಿಯಿಂದ ಜನರು ಲಾಂಚಿ ಹತ್ತಿ, ಖೋರ್‌ಫಕಾನ್ ಎಂಬಲ್ಲಿ ಕತ್ತಲೆಯಲ್ಲಿ ನೀರಿಗಿಳಿದು ದಡ ಸೇರುತ್ತಿದ್ದ ಕಾಲವೊಂದಿತ್ತು. ಆಗ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿಯೇ ಎಂಬುದು ಇಂದಿನ ಮಕ್ಕಳಿಗೆ ತಿಳಿಯದು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ನಾಡುಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚು ಹಾಕಿಸಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ದುಬೈ ಮೊದಲಾದ ನಾಡುಗಳು ಅದನ್ನು ಕೈಬಿಟ್ಟವು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಹಾರತೊಡಗಿತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ನಿಲ್ದಾಣವೂ ತೆರೆಯಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಬಜ್ಪೆಯಲ್ಲಿ ದುರಂತಕ್ಕೀಡಾಗಿ 158 ಮಂದಿ ಮಡಿದಾಗ ಕಾಸರಗೋಡು ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಳು ಕೇಳಿಬಂತು. ಹೀಗೆ ಆ ಮರುಭೂಮಿಯೂ ನಮ್ಮ ಅಡಿಕೆ ತೋಟಗಳೂ ಸುಖದುಃಖಗಳೆರಡರಲ್ಲೂ ಹೆಣೆದುಕೊಂಡು ಬಂದಿವೆ.

ಗೆಳೆಯನು 27 ವರ್ಷ ಅಲ್ಲಿದ್ದು, 2020ರಲ್ಲಿ ಕೊರೋನಾ ಕಾಲದಲ್ಲಿ ಕೆಲಸ ಹೋದ ಮೇಲೆ, ಕಣ್ಣೂರಿಗೆ ಬಂದಿಳಿದ. ಇನ್ನು ಹೋಗುವುದಿಲ್ಲ ಎಂಬ ನಿಶ್ಚಯದಿಂದಲೇ ಬಂದಿದ್ದ. ಅಲ್ಲಿಯ ಕಾನೂನಿನಂತೆ ಕೆಲಸ ಬಿಟ್ಟವನಿಗೆ ಮೊದಲ ಐದು ವರ್ಷಗಳ ಸೇವೆಗೆ ವರ್ಷವೊಂದಕ್ಕೆ 21 ದಿನದ ಮೂಲವೇತನ, ಅನಂತರದ ವರ್ಷಗಳಿಗೆ ತಲಾ 30 ದಿನದ ಮೂಲವೇತನ ಸಿಗುತ್ತದೆ. ಒಟ್ಟು ಮೊತ್ತ ಎರಡು ವರ್ಷದ ಸಂಬಳವನ್ನು ಮೀರುವಂತಿಲ್ಲ. ಆ ಹಣದಲ್ಲಿ ಮನೆಯ ಸಾಲ ತೀರಿಸಿದ. ಒಂದು ಹಸು ಕಟ್ಟಿದ. ತಂದೆಯ ಕಾಲದ ತೋಟಕ್ಕೆ ಹೊಸ ಅಡಿಕೆ ಸಸಿ ಇಟ್ಟ. ‘ಇನ್ನು ನಾವಿಬ್ಬರೂ ಕೂಡಿಯೇ ಮುದುಕರಾಗುವ’ ಎಂದು ನನ್ನೊಡನೆ ನಗುತ್ತ ಹೇಳಿದ್ದ.

ಊರು ಅವನನ್ನು ಬಹಳ ಗೌರವದಿಂದಲೇ ಕಂಡಿತು. ಆ ಗೌರವದ ಬಗೆಯನ್ನು ಈಗ ಯೋಚಿಸಿದರೆ ನನಗೆ ಸಂಕೋಚವಾಗುತ್ತದೆ. ದೇವಸ್ಥಾನದ ಬ್ರಹ್ಮಕಲಶದವರು ರಶೀದಿ ಪುಸ್ತಕ ಹಿಡಿದು ಬಂದರು. ಯುವಕ ಮಂಡಲದವರು ಬಂದರು. ಶಾಲೆಯ ಆವರಣದ ಗೋಡೆಗೆಂದು ನಾನೂ ಹೋದೆ. ಎಲ್ಲರಿಗೂ ಕೊಟ್ಟ. ಸಭೆಗಳಲ್ಲಿ ಅವನಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ನಡುವಿನ ಕುರ್ಚಿಯಲ್ಲಿ ಕುಳ್ಳಿರಿಸಿದೆವು. ಆದರೆ ಊರಿನ ಯಾವ ಕೆಲಸದ ಪಟ್ಟಿಯಲ್ಲೂ ಅವನ ಹೆಸರನ್ನು ಸೇರಿಸಲಿಲ್ಲ. ಪಡಿತರ ಚೀಟಿಯಲ್ಲಿ ತೆಗೆದುಹಾಕಿದ್ದ ಹೆಸರನ್ನು ಮತ್ತೆ ಬರೆಸಲು ಅವನು ತಿಂಗಳುಗಟ್ಟಲೆ ಅಲೆದ. ತೋಟದ ಕೆಲಸದವರು ಅವನಿಗೊಂದು ಕೂಲಿ, ನೆರೆಯವನಿಗೊಂದು ಕೂಲಿ ಹೇಳಿದರು. ಮಾತಿನ ನಡುವೆ ಏನಾದರೂ ಸಲಹೆ ಕೊಟ್ಟರೆ ‘ನಿಮಗೆ ಇಲ್ಲಿಯ ಕ್ರಮ ಗೊತ್ತಿಲ್ಲ’ ಎಂಬ ಉತ್ತರ ಬಂತು. ಮೂರು ತಲೆಮಾರಿನ ಮನೆಯಲ್ಲಿ ಹುಟ್ಟಿದವನಿಗೆ!

ಅವನಿಗೆ ಎಳೆಯಂದಿನಿಂದ ಒಂದೇ ಹವ್ಯಾಸ, ಮದ್ದಳೆ. ಹತ್ತನೆಯ ತರಗತಿಯಲ್ಲಿದ್ದಾಗಲೇ ಊರಿನ ಹಿರಿಯರೊಬ್ಬರ ಬಳಿ ಪಾಠ ಹೇಳಿಸಿಕೊಂಡು ತಾಳಮದ್ದಳೆ ಕೂಟಗಳಲ್ಲಿ ಬಾರಿಸುತ್ತಿದ್ದ. ಮರಳಿ ಬಂದ ಮೇಲೆ ನನ್ನೊಡನೆ ಒಂದು ವಿಚಾರ ಪ್ರಸ್ತಾಪಿಸಿದ. ಶನಿವಾರ ಬೆಳಗ್ಗೆ ಶಾಲೆಯ ಜಗಲಿಯಲ್ಲಿ ಮಕ್ಕಳಿಗೆ ಮದ್ದಳೆ, ತಾಳ ಹೇಳಿಕೊಡುತ್ತೇನೆ, ಹಣ ಬೇಡ, ಜಾಗ ಕೊಟ್ಟರೆ ಸಾಕು ಎಂದ. ಯಕ್ಷಗಾನದ ರಾಮಾಯಣ ಪ್ರಸಂಗಗಳೊಡನೆ ಹೆಸರು ಬೆಸೆದಿರುವ ಪಾರ್ತಿಸುಬ್ಬನ ಸೀಮೆಯ ಶಾಲೆಗೆ ಇದಕ್ಕಿಂತ ಒಳ್ಳೆಯ ಮಾತು ಬೇರೇನಿದೆ? ನಾನೂ ಹಾಗೆಯೇ ಹೇಳಿದೆ. ಆದರೆ ಆಗ ಶಾಲೆ ಮುಚ್ಚಿತ್ತು. 2021ರ ನವೆಂಬರ್ 1ರಂದು ಕೇರಳದ ಶಾಲೆಗಳು ಮತ್ತೆ ತೆರೆದಾಗ ಅವನು ಎರಡನೆಯ ಸಲ ಕೇಳಿದ. ಮಕ್ಕಳ ಪಾಠ ಹಿಂದೆ ಬಿದ್ದಿದೆ, ಎಲ್.ಎಸ್.ಎಸ್. ಪರೀಕ್ಷೆ ಮುಗಿಯಲಿ ಎಂದೆ. 2022ರ ಜೂನ್ ತಿಂಗಳಲ್ಲಿ ಮೂರನೆಯ ಸಲ ಕೇಳಿದ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಇಡುತ್ತೇನೆ ಎಂದೆ. ಆ ಸಭೆಯಲ್ಲಿ ಮಧ್ಯಾಹ್ನದೂಟದ ತರಕಾರಿಯ ಲೆಕ್ಕವೇ ಹೊತ್ತು ಮುಳುಗಿಸಿತು. ಮದ್ದಳೆಯ ವಿಷಯ ಬರಲಿಲ್ಲ. ನಾಲ್ಕನೆಯ ಸಲ ಅವನು ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಹಸುವನ್ನು ಮಾರಿ, ತೋಟವನ್ನು ತಮ್ಮನಿಗೆ ವಹಿಸಿ, ಮದ್ದಳೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮನೆಯಲ್ಲಿರಿಸಿ, ಹೆಂಡತಿಯೊಡನೆ ಹೊರಟುಹೋದ. ಹಣದ ರುಚಿ ಹತ್ತಿದವನಿಗೆ ಊರು ಹಿಡಿಸಲಿಲ್ಲ ಎಂದು ಜನ ಆಡಿಕೊಂಡರು. ನಾನು ಬಾಯಿ ಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಒಪ್ಪಿದೆ. ಅನಂತರ ಎರಡೂವರೆ ವರ್ಷ ನಮ್ಮ ನಡುವೆ ಹಬ್ಬದ ಶುಭಾಶಯಗಳ ಹೊರತು ಬೇರೆ ಮಾತಿರಲಿಲ್ಲ.

2025ರ ಆರಂಭದಲ್ಲಿ ಒಂದು ರಾತ್ರಿ ಅವನೇ ದೂರವಾಣಿಯಲ್ಲಿ ಕರೆದ. ‘ನಿನಗೆ ಏಪ್ರಿಲ್ ತಿಂಗಳಲ್ಲಿ ರಜೆ ಉಂಟಲ್ಲ? ಒಮ್ಮೆ ಬಂದು ನೋಡಿ ಹೋಗು. ಬೈಯುವುದಿದ್ದರೆ ಇಲ್ಲಿಯೇ ಬೈ’ ಎಂದ. ಐವತ್ತೈದರ ಹೊಸ್ತಿಲಲ್ಲಿ ಮೊದಲ ಪಾಸ್‌ಪೋರ್ಟ್ ಮಾಡಿಸಿಕೊಂಡು ನಾನು ಹನ್ನೆರಡು ದಿನಗಳ ಮಟ್ಟಿಗೆ ಹೋದೆ.

ಅವನು ಈಗ ಇರುವುದು ಶಾರ್ಜಾದ ರೋಲಾ ಎಂಬ ಹಳೆಯ ಪೇಟೆಯಲ್ಲಿ. ರೋಲಾ ಎಂದರೆ ಅಲ್ಲಿ ಆಲದ ಮರ. ಒಂದು ಕಾಲದಲ್ಲಿ ಅಲ್ಲಿದ್ದ ದೊಡ್ಡ ಆಲದ ಮರದಿಂದಲೇ ಪೇಟೆಗೆ ಆ ಹೆಸರು ಬಂದಿತು. ಮರವು 1978ರಲ್ಲಿ ಸತ್ತಿತು. ಅದರ ನೆನಪಿಗೆ ಉದ್ಯಾನದಲ್ಲಿ ಒಂದು ಸ್ಮಾರಕ ನಿಲ್ಲಿಸಿದ್ದಾರೆ. ಸಂಜೆ ಅದರ ಸುತ್ತ ನಮ್ಮ ದೇಶದವರೂ ನೆರೆ ದೇಶಗಳವರೂ ನಮ್ಮೂರ ಕಟ್ಟೆಯ ಮೇಲೆ ಕೂತಂತೆಯೇ ಕೂತಿರುತ್ತಾರೆ. ಕೆಲಸ ದುಬೈಯ ಅಲ್ ಕೂಜ್ ಪ್ರದೇಶದ ಗೋದಾಮಿನಲ್ಲಿ. ಕಟ್ಟಡ ಸಾಮಗ್ರಿಯ ದಾಸ್ತಾನಿನ ಲೆಕ್ಕ. ಬಾಡಿಗೆ ಕಡಮೆ ಎಂದು ಶಾರ್ಜಾದಲ್ಲಿದ್ದುಕೊಂಡು ದುಬೈಗೆ ದುಡಿಯಲು ಹೋಗುವವರ ಸಂಖ್ಯೆ ಬಹಳ ದೊಡ್ಡದು. ಆದುದರಿಂದ ರಸ್ತೆ ಬೆಳಗ್ಗೆ ಒಂದು ದಿಕ್ಕಿಗೆ, ಸಂಜೆ ಇನ್ನೊಂದು ದಿಕ್ಕಿಗೆ ಕಟ್ಟಿಕೊಂಡುಬಿಡುತ್ತದೆ. ಗೆಳೆಯನು ನಾಲ್ಕೂಮುಕ್ಕಾಲಿಗೆ ಎದ್ದು, ಐದೂವರೆಗೆ ಹೊರಟು, ಕಚೇರಿ ತೆರೆಯುವ ಮುನ್ನ ಕಾರಿನಲ್ಲಿಯೇ ಅರ್ಧ ಗಂಟೆ ಕಣ್ಣು ಮುಚ್ಚುತ್ತಾನೆ. ಸಂಜೆ ಮನೆ ಸೇರುವಾಗ ಏಳು ಗಂಟೆ. ಆಮೇಲೆ ಹೆಂಡತಿಯೊಡನೆ ಖಾಲಿದ್ ಕೊಳದ ದಂಡೆಯಲ್ಲಿ ಒಂದು ಸುತ್ತು ನಡಿಗೆ. ಎಂಟೂವರೆಗೆ ಮದ್ದಳೆಯ ಅಭ್ಯಾಸ. ಗೋಡೆಯಾಚೆ ಬೇರೆ ಸಂಸಾರಗಳಿರುವುದರಿಂದ ವಾರದ ದಿನಗಳಲ್ಲಿ ಮದ್ದಳೆಯನ್ನು ಮುಟ್ಟುವುದಿಲ್ಲ. ಗಟ್ಟಿ ದಿಂಬೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಎರಡು ತುದಿಗಳಲ್ಲಿ ಬೆರಳಾಡಿಸುತ್ತಾನೆ. ಸದ್ದಿಲ್ಲ, ಬಾಯಿಯಲ್ಲಿ ಮಾತ್ರ ಲೆಕ್ಕ. ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಅವನ ಇನ್ನೊಂದು ಪ್ರಪಂಚವೆಂದರೆ ನಾಲ್ಕು ಮೊಳ ಉದ್ದದ ಬಾಲ್ಕನಿ. ಅಲ್ಲಿ ಎಣ್ಣೆಯ ಖಾಲಿ ಡಬ್ಬಗಳಲ್ಲಿ ಬಸಳೆ, ಹರಿವೆ, ಬೆಂಡೆ, ಒಂದು ಮಲ್ಲಿಗೆ. ಬಸಳೆಯ ತಳಿಯನ್ನು ಊರಿನಿಂದ ಒಯ್ದದ್ದಲ್ಲ. ಪೇಟೆಯಿಂದ ಪದಾರ್ಥಕ್ಕೆಂದು ತಂದ ಕಟ್ಟಿನ ಒಂದು ದಂಟನ್ನು ನೆಟ್ಟದ್ದು. ಅಲ್ಲಿಯ ಬೇಸಾಯದ ಪಂಚಾಂಗವೇ ಬೇರೆ. ನಮ್ಮಲ್ಲಿ ಮಳೆ ಹಿಡಿದಾಗ ಬಿತ್ತಿದರೆ ಅಲ್ಲಿ ಸೆಪ್ಟೆಂಬರ್ ಕಳೆದು ಬಿಸಿಲು ಇಳಿದ ಮೇಲೆ ಬಿತ್ತಬೇಕು. ಉಷ್ಣತೆ 45 ಡಿಗ್ರಿ ದಾಟುವ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಟೊಮೇಟೊ ಬಾಡಿಹೋಗುತ್ತದೆ. ನೆರಳು ಕಟ್ಟಿದರೆ ಬಸಳೆ ಮಾತ್ರ ತಾಳಿಕೊಳ್ಳುತ್ತದೆ. ಕುಡಿಯುವ ನೀರು ಬಹುಮಟ್ಟಿಗೆ ಸಮುದ್ರದ ನೀರನ್ನೇ ಯಂತ್ರಗಳಲ್ಲಿ ಸಿಹಿಗೊಳಿಸಿದ್ದು, ಆದುದರಿಂದ ಅದನ್ನು ಗಿಡಕ್ಕೆ ಸುರಿಯಲು ಅವನ ಕೈ ಏಳದು. ಹವಾನಿಯಂತ್ರಕದ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿಯುತ್ತಾನೆ. ಸೆಕೆ ಹೆಚ್ಚಿದಷ್ಟೂ ಆ ನೀರೂ ಹೆಚ್ಚು. ಅದರಲ್ಲಿ ಸಾರವಿಲ್ಲವೆಂದು ಅಕ್ಕಿ ತೊಳೆದ ನೀರು, ಚಹಾದ ಚರಟ ಬೆರೆಸುತ್ತಾನೆ. ನಾನಿದ್ದಾಗ ಎರಡು ಸಲ ಬಸಳೆಯ ಪದಾರ್ಥ ಉಂಡೆವು. ಊರಿನಲ್ಲಿ ಹಟ್ಟಿಯ ಹಿಂದೆ ಚಪ್ಪರ ತುಂಬ ಬೆಳೆದು ನಾವು ಕಣ್ಣೆತ್ತಿ ನೋಡದ ಬಳ್ಳಿಗೆ ಅಲ್ಲಿ ಸಿಗುವ ಉಪಚಾರವನ್ನು ಕಂಡಾಗ, ಬಡಿಸಿದ್ದರಲ್ಲಿ ಒಂದೆಲೆಯನ್ನೂ ಬಿಡಲು ಮನಸ್ಸಾಗಲಿಲ್ಲ.

ಶನಿವಾರ ಬಂತು. ಆ ದೇಶದಲ್ಲಿ 2022ರ ಜನವರಿಯಿಂದ ವಾರದ ರಜೆಯನ್ನು ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಬದಲಿಸಿದ್ದಾರೆ. ಬೆಳಗ್ಗೆ ಹತ್ತು ಗಂಟೆಗೆ ಮಕ್ಕಳು ಬಂದರು, ಹನ್ನೊಂದು ಮಂದಿ. ಮನೆಮಾತು ಒಬ್ಬನಿಗೆ ತುಳು, ಒಬ್ಬಳಿಗೆ ಕೊಂಕಣಿ, ಇಬ್ಬರಿಗೆ ಹವ್ಯಕ ಕನ್ನಡ, ಒಬ್ಬನಿಗೆ ಮಲಯಾಳ. ಶಾಲೆಯಲ್ಲಿ ಎಲ್ಲರಿಗೂ ಇಂಗ್ಲಿಷು. ಗೆಳೆಯನು ಚಾಪೆ ಹಾಸಿ ಕುಳಿತು ಏಳೆಣಿಕೆಯ ತ್ರಿವುಡೆಯನ್ನೂ ಹತ್ತೆಣಿಕೆಯ ಝಂಪೆಯನ್ನೂ ಅವರ ಕೈಯಲ್ಲಿ ಹಾಕಿಸಿದ. ತಪ್ಪಿದವನನ್ನು ಗದರಲಿಲ್ಲ, ‘ಪುನಃ’ ಎಂದಷ್ಟೇ ಹೇಳಿದ. ಮೂವತ್ತು ವರ್ಷ ಪಾಠ ಹೇಳಿದ ನಾನು ಅವನಿಂದ ಅಷ್ಟು ತಾಳ್ಮೆಯನ್ನು ನಿರೀಕ್ಷಿಸಿರಲಿಲ್ಲ. ಪದ್ಯದ ಹಾಳೆಗಳನ್ನು ನೋಡಿದೆ. ಕನ್ನಡ ಪದ್ಯಗಳನ್ನು ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದರು. ಮಾಸ್ತರಿಗೆ ಇದನ್ನು ನೋಡಿ ಸುಮ್ಮನಿರಲು ಸಾಧ್ಯವೆ? ಉಳಿದ ದಿನಗಳಲ್ಲಿ ಸಂಜೆ ಒಂದು ಗಂಟೆ ಅವರನ್ನು ಕೂಡಿಸಿಕೊಂಡು ಅಕ್ಷರ ತಿದ್ದಿಸಿದೆ. ಒತ್ತಕ್ಷರದ ಹತ್ತಿರ ಬಂದಾಗ ಎಲ್ಲೆಡೆಯಂತೆ ಅಲ್ಲಿಯೂ ಬಂಡಿ ನಿಂತಿತು. ಆದರೂ ನಾನು ಹೊರಡುವ ಮುನ್ನಾದಿನ ಎಂಟು ವರ್ಷದ ಹುಡುಗನೊಬ್ಬ ಪ್ರಸಂಗ ಪುಸ್ತಕದ ಹೊದಿಕೆಯ ಮೇಲೆ ಬೆರಳಿಟ್ಟು ‘ಪಾ-ದು-ಕಾ ಪ್ರ-ದಾ-ನ’ ಎಂದು ತಾನಾಗಿಯೇ ಓದಿದ.

ಆ ರಾತ್ರಿ ಅದೇ ಪ್ರಸಂಗದ ತಾಳಮದ್ದಳೆ. ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಚೆಂಡೆ ಸಾಧ್ಯವಿಲ್ಲವೆಂದು ಬರಿಯ ಮದ್ದಳೆ, ಅದೂ ಕೆಳಗೆ ದಪ್ಪ ಕಂಬಳಿ ಹಾಸಿ. ಹತ್ತು ಗಂಟೆಗೆ ಮುಗಿಯಲೇಬೇಕು. ಭಾಗವತರು ಹಗಲಿನಲ್ಲಿ ಲೆಕ್ಕಪರಿಶೋಧಕರು. ಭರತನ ಅರ್ಥ ಹೇಳಿದವನು ಪುತ್ತೂರಿನ ಯುವಕ, ಇಂಜಿನಿಯರ್. ರಾಮನ ಪಾತ್ರ ಕಾಸರಗೋಡಿನಿಂದ ಬಹಳ ಹಿಂದೆ ಬಂದು ಅಂಗಡಿ ಇಟ್ಟ ಹಿರಿಯರದು. ಕಾಡಿಗೆ ಹೋದ ಅಣ್ಣನನ್ನು ಹಿಂದಕ್ಕೆ ಕರೆಯಲು ಭರತ ಬರುತ್ತಾನೆ, ರಾಮ ಒಪ್ಪುವುದಿಲ್ಲ, ಪಾದುಕೆಗಳನ್ನು ಹೊತ್ತು ಭರತ ಮರಳುತ್ತಾನೆ. ಎಷ್ಟು ಸಲ ಕೇಳಿದ ಕಥೆ! ಅಂದು ಮಾತ್ರ ನನಗೆ ಬೇರೊಂದು ವಿಷಯ ಹೊಳೆಯಿತು. ಹದಿನಾಲ್ಕು ವರ್ಷಗಳ ಮೇಲೆ ಮರಳಿ ಬಂದ ರಾಮನಿಗೆ ಅಯೋಧ್ಯೆಯಲ್ಲಿ ಅವನ ಜಾಗ ಅವನಿಗೇ ಉಳಿದಿತ್ತು, ಏಕೆಂದರೆ ಆ ಜಾಗವನ್ನು ಕಾದವನೊಬ್ಬನಿದ್ದ.

ಮರುದಿನ ಬೆಳಗ್ಗೆ ಗೆಳೆಯನು ಬಸಳೆಗೆ ನೀರು ಹಾಕುತ್ತಿರುವಾಗ ನಾನು ಕೇಳಿಯೇಬಿಟ್ಟೆ, ‘ಇಷ್ಟೆಲ್ಲ ಅಲ್ಲಿಯೇ ಮಾಡಬಹುದಿತ್ತಲ್ಲ, ಯಾಕೆ ಬಂದೆ?’

ಅವನು ತಕ್ಷಣ ಉತ್ತರಿಸಲಿಲ್ಲ. ಬಕೆಟ್ಟನ್ನು ಕೆಳಗಿಟ್ಟು ಹೇಳಿದ: ‘ಊರಿನಲ್ಲಿ ಎಲ್ಲರೂ ನನಗೆ ಕುರ್ಚಿ ಕೊಟ್ಟರು ಮಾರಾಯ. ಮದ್ದಳೆ ಬಾರಿಸುವವನಿಗೆ ಕುರ್ಚಿ ಎಂತಕ್ಕೆ? ಒಂದು ಚಾಪೆ ಬೇಕಿತ್ತು. ಎರಡು ವರ್ಷ ಬೆಳಗ್ಗೆ ಎದ್ದು ಇವತ್ತು ಎಂತ ಮಾಡುವುದು ಎಂದು ಯೋಚನೆ ಮಾಡಿದೆ. ನಿನ್ನ ಹತ್ತಿರ ಮೂರು ಸಲ ಕೇಳಿದೆ. ನಿನಗೂ ಪುರುಸೊತ್ತು ಇರಲಿಲ್ಲ, ಅದು ನನಗೆ ಗೊತ್ತುಂಟು.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ವಾದ ಮಾಡಬಹುದಿತ್ತು. ಹಣದ ಆಸೆಗೆ ಹೋದ ಎಂದು ಎರಡೂವರೆ ವರ್ಷ ಅವನ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ನನ್ನ ಪಾಲೆಷ್ಟು ಎಂಬುದು ಆ ಬಾಲ್ಕನಿಯಲ್ಲಿ ಲೆಕ್ಕವಾಯಿತು.

ಅಲ್ಲಿಯ ಬದುಕು ಸ್ವರ್ಗವೆಂದು ಯಾರೂ ತಿಳಿಯಬಾರದು. ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ವಾಸದ ಪರವಾನಗಿ ಸಾಮಾನ್ಯವಾಗಿ ರದ್ದಾಗುತ್ತದೆ. ಇವನದು ಕೆಲಸದೊಡನೆಯೇ ಹೋಗಿತ್ತು. ಇಪ್ಪತ್ತೇಳು ವರ್ಷ ದುಡಿದ ನಾಡಿಗೆ ಅವನು ಹೊಸಬನಂತೆ ಬಂದಿಳಿದು, ರಕ್ತಪರೀಕ್ಷೆ, ಎದೆಯ ಚಿತ್ರ ಎಲ್ಲವನ್ನೂ ಮೊದಲಿನಿಂದ ಮಾಡಿಸಿ, ಹಿಂದಿನದಕ್ಕಿಂತ ಕಡಮೆ ಸಂಬಳಕ್ಕೆ ಸೇರಬೇಕಾಯಿತು. ಪರವಾನಗಿ ಎರಡು ವರ್ಷದ್ದು. ನವೀಕರಣವಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿಯ ಪೌರತ್ವದ ಆಸೆ ಇಡುವಂತಿಲ್ಲ. ಮಧ್ಯರಾತ್ರಿ ದೂರವಾಣಿ ಬಡಿದರೆ ಊರಿನಲ್ಲಿ ಯಾರಿಗೇನಾಯಿತೋ ಎಂದು ಎದೆ ಹಾರುತ್ತದೆ. ಹೊರಗಿನ ಬಿಸಿಲಿನಲ್ಲಿ ದುಡಿಯುವವರ ಪಾಡು ಇನ್ನೂ ಕಷ್ಟ. ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿ ಕಾನೂನೇ ಇದೆ ಎಂದರೆ ಬಿಸಿಲಿನ ಉಗ್ರತೆ ತಿಳಿಯುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅವರ ಮಗಳು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ದಾದಿ. ಮೊಮ್ಮಗುವನ್ನು ನೋಡಿಕೊಳ್ಳುವ ಕೈ ಬೇಕಿತ್ತು. ಗೆಳೆಯನ ಹೆಂಡತಿ ನನ್ನ ಬಳಿ, ‘ಅಣ್ಣ, ಊರಿನಲ್ಲಿದ್ದಾಗ ಮಗುವಿನ ನೆನಪು, ಇಲ್ಲಿರುವಾಗ ಬಾವಿಯ ನೀರಿನ ನೆನಪು. ಎರಡೂ ಒಟ್ಟಿಗೆ ಸಿಗುವ ಜಾಗ ಎಲ್ಲಿಯೂ ಇಲ್ಲ’ ಎಂದರು. ಆದುದರಿಂದ ಊರಿನ ಉದಾಸೀನವೊಂದೇ ಅವರನ್ನು ಅಟ್ಟಿತು ಎನ್ನಲಾರೆ. ಆದರೆ ಹಿಡಿದು ನಿಲ್ಲಿಸುವಂಥದು ಊರಿನಲ್ಲಿ ಏನೂ ಇರಲಿಲ್ಲ ಎಂಬುದಂತೂ ನಿಜ.

ಗಡಿನಾಡಿನ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕಾದ ಸಂಗತಿ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಅಂಗಳದಿಂದ ಹೆಜ್ಜೆ ಕೀಳದೆಯೇ ಹೊರನಾಡಿನವರಾದರು. ಇದ್ದಲ್ಲಿಯೇ ಪರಕೀಯರಾಗುವುದೆಂದರೇನು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಇಷ್ಟು ತಿಳಿದ ನಾವೇ ಮರಳಿ ಬಂದ ನಮ್ಮವನನ್ನು ನೆಂಟನಂತೆ ಕಾಣುವುದು ಸರಿಯೆ? ನೆಂಟನಿಗೆ ಉಪಚಾರವುಂಟು, ಹೊಣೆಯಿಲ್ಲ. ಹೊಣೆಯಿಲ್ಲದ ಮನೆಯಲ್ಲಿ ಯಾರೂ ಬಹುಕಾಲ ನಿಲ್ಲಲಾರರು.

ಈ ಮಾಸಿಕವನ್ನು ಓದುವ ಮನೆಗಳಲ್ಲಿ ಹೊರದೇಶದಲ್ಲಿ ಒಬ್ಬರಾದರೂ ಇರುವ ಮನೆಗಳೇ ಹೆಚ್ಚು. ಆದುದರಿಂದ ಎರಡು ಮಾತು. ಊರಿನಲ್ಲಿರುವವರಿಗೆ ಹೇಳುವುದು ಇಷ್ಟೆ: ಬಂದವನ ಬಳಿಗೆ ರಶೀದಿ ಪುಸ್ತಕ ಒಯ್ಯುವ ಮೊದಲು ಒಂದು ಕೆಲಸ ಒಯ್ಯಿರಿ. ವಾಚನಾಲಯದ ಲೆಕ್ಕವಾಗಲಿ, ಭಜನಾ ಮಂದಿರದ ಶನಿವಾರದ ಪಾಳಿಯಾಗಲಿ, ಶಾಲೆಯ ತರಕಾರಿ ತೋಟವಾಗಲಿ, ಸಣ್ಣದಾದರೂ ಅವನದೇ ಆದ ಕೆಲಸವಿರಲಿ. ಅದು ಬಂದ ಮೊದಲ ತಿಂಗಳಲ್ಲಿಯೇ ಸಿಗಲಿ. ಹೊರಗಿರುವವರಿಗೆ ಹೇಳುವುದು: ರಜೆಯಲ್ಲಿ ಬಂದಾಗಲೆಲ್ಲ ಮದುವೆ-ಮುಂಜಿಗಳ ನಡುವೆ ಊರಿನ ಯಾವುದಾದರೂ ಒಂದು ಕೆಲಸಕ್ಕೆ ಕೈ ಹಾಕಿ, ಕೊನೆಗೊಮ್ಮೆ ಬಂದಾಗ ಅದು ನಿಮ್ಮ ಕೈ ಹಿಡಿಯುತ್ತದೆ. ಕಾಗದಪತ್ರದ ವಿಷಯದಲ್ಲಿಯೂ ಅಲಕ್ಷ್ಯ ಬೇಡ. ಕೇರಳ ಸರಕಾರದ ಪ್ರವಾಸಿ ಕ್ಷೇಮನಿಧಿಗೆ 60 ವರ್ಷ ತುಂಬುವ ಮೊದಲು ಸೇರಿ ಕನಿಷ್ಠ 5 ವರ್ಷ ವಂತಿಗೆ ಕಟ್ಟಿದವರಿಗೆ 60ರ ಅನಂತರ ಮಾಸಿಕ ಪಿಂಚಣಿ ಉಂಟು. ಎರಡು ವರ್ಷವಾದರೂ ಹೊರದೇಶದಲ್ಲಿ ದುಡಿದು ಬಂದವರು ಸ್ವಂತ ಉದ್ಯೋಗ ಹೂಡುವುದಾದರೆ ನೋರ್ಕಾ ಮೂಲಕ ಸಾಲಕ್ಕೆ ಸಹಾಯಧನವಿದೆ. ಅರ್ಜಿ ಮಲಯಾಳದಲ್ಲಿದೆ ಎಂದು ನಮ್ಮವರು ಹಿಂದೆಗೆಯುತ್ತಾರೆ. ಓದಿ ಹೇಳಬಲ್ಲ ಅಧ್ಯಾಪಕರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ, ಕೇಳಲು ಸಂಕೋಚ ಬೇಡ.

ಊರಿಗೆ ಮರಳಿದ ನಾನು ಮಾಡಿದ ಮೊದಲ ಕೆಲಸವೆಂದರೆ ಬಟ್ಟೆ ಬಿಚ್ಚಿ ಆ ಮದ್ದಳೆಯನ್ನು ಹೊರಗೆ ತೆಗೆದದ್ದು. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗಿತ್ತು. ಸರಿಮಾಡಿಸಲು ಒಂದು ತಿಂಗಳು ಹಿಡಿಯಿತು. 2025ರ ಜುಲೈ ತಿಂಗಳಿಂದ ಪ್ರತಿ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಶಾಲೆಯ ಜಗಲಿಯಲ್ಲಿ ಮದ್ದಳೆಯ ಪಾಠ ನಡೆಯುತ್ತಿದೆ. ಸಂಘದ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಪಡೆಯಲು ಬೇಕಾದದ್ದು ಐದು ನಿಮಿಷ. ಊರಿನ ವೃದ್ಧ ಮದ್ದಳೆಗಾರರೊಬ್ಬರು ಹೇಳಿಕೊಡುತ್ತಾರೆ. ಹದಿನಾಲ್ಕು ಮಕ್ಕಳಿದ್ದಾರೆ, ಅವರಲ್ಲಿ ಐವರು ಮಲಯಾಳ ವಿಭಾಗದವರು. ನಮ್ಮ ಹತ್ತು ಗಂಟೆ ಎಂದರೆ ಶಾರ್ಜಾದಲ್ಲಿ ಎಂಟೂವರೆ. ಅಲ್ಲಿಯ ಮಕ್ಕಳು ಬರುವ ಮುನ್ನ ಗೆಳೆಯನು ದೂರವಾಣಿಯ ಚಿತ್ರದಲ್ಲಿ ಕಾಣಿಸಿಕೊಂಡು, ತೊಡೆಯ ಮೇಲೆ ಅದೇ ದಿಂಬನ್ನಿಟ್ಟು, ನಮ್ಮ ಮಕ್ಕಳ ತಾಳವನ್ನು ಗಮನಿಸುತ್ತಾನೆ. ಝಂಪೆ ತಪ್ಪಿದಾಗ ಸಮುದ್ರದಾಚೆಯಿಂದ ‘ಪುನಃ’ ಎಂಬ ಮಾತು ಕೇಳಿಸುತ್ತದೆ.

ಇನ್ನು ಕೆಲವೇ ತಿಂಗಳಲ್ಲಿ ನನಗೂ ನಿವೃತ್ತಿ. ಬೆಳಗ್ಗೆ ಎದ್ದು ಇವತ್ತು ಏನು ಮಾಡುವುದು ಎಂಬ ಪ್ರಶ್ನೆ ನನ್ನ ಬಾಗಿಲಿಗೂ ಬರುತ್ತದೆ. ಶನಿವಾರಕ್ಕಾದರೂ ಉತ್ತರವಿದೆ. ಗೆಳೆಯನು ಮುಂದಿನ ರಜೆಗೆ ಮೂರು ವಾರ ಬರುತ್ತಾನೆ. ಜಗಲಿಯಲ್ಲಿ ಒಂದು ದಿನ ‘ಪಾದುಕಾ ಪ್ರದಾನ’ದ ತಾಳಮದ್ದಳೆ ನಿಶ್ಚಯಿಸಿದ್ದೇವೆ. ಕುರ್ಚಿಗಳನ್ನು ತೆಗೆದಿಡಲು ಹುಡುಗರಿಗೆ ಹೇಳಿದ್ದೇನೆ. ಕಳೆದ ವಾರ ಪಾಠ ಮುಗಿದಾಗ ಅವನು ಎಂದಿನಂತೆ ‘ಬರ್ತೇನೆ ಮಾರಾಯ’ ಎಂದ.

‘ಆಯಿತು, ಬಾ’ ಎಂದೆ.